ಎರಡು ಬಾಣಂತನ

ನಮ್ಮ ಸಂಘದ ಹುಡುಗ ಹುಡುಗಿಯರೇ, ಯುಗಾದಿ ಕಾರ್ಯಕ್ರಮದಲ್ಲಿ ಕೋಸಂಬರಿ ಬಡಿಸುವ ಆಂಟಿಯಾಗಿ ನನ್ನನ್ನು ನೀವು ನೋಡಿರುತ್ತೀರಿ. ಲೇಖನ ಬರೆದು ಅಭ್ಯಾಸವಿಲ್ಲ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ್ದೆ ಎಂಬುದನ್ನು ಬಿಟ್ಟರೆ, ಪೆನ್ನಿಗೂ ನನಗೂ ಇರುವ ನಂಟು ಹಾಲಿನ ಲೆಕ್ಕ ಬರೆಯುವಷ್ಟೇ. ಸಂಪಾದಕರು "ಅಮೆರಿಕಕ್ಕೆ ಹೋಗಿ ಬಂದಿದ್ದೀರಲ್ಲ, ಏನಾದರೂ ಬರೆಯಿರಿ" ಎಂದಾಗ ನಯಾಗರಾ ಜಲಪಾತದ ವರ್ಣನೆ ಬರುತ್ತದೆಂದು ಅವರು ನಿರೀಕ್ಷಿಸಿರಬೇಕು. ನಾನು ಬರೆಯಹೊರಟಿರುವುದು ಒಂದು ಸಿಮೆಂಟಿನ ಹಾದಿಯ ಕಥೆ. ನಿಮ್ಮಲ್ಲಿ ಎಷ್ಟೋ ಮಂದಿ ನಾಳೆ ಅಂಥ ಚಳಿಯ ಊರುಗಳಿಗೆ ಹೋಗುವವರು. ನಿಮ್ಮ ಹಿಂದೆಯೇ ಬಾಣಂತನಕ್ಕೆಂದು ನಿಮ್ಮ ಅಮ್ಮಂದಿರೂ ಬರುವವರು. ಆದ್ದರಿಂದ ಓದಿ.

ನಮ್ಮ ಮಗಳು ಅಳಿಯ ಇರುವುದು ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ. ಅಲ್ಲಿ ಜನವರಿಯಲ್ಲಿ ಸೊನ್ನೆಯ ಕೆಳಗೆ 20 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ನೆಲ ಎಷ್ಟು ಆಳಕ್ಕೆ ಹೆಪ್ಪುಗಟ್ಟುತ್ತದೆಂದರೆ, ಮನೆಯ ತಳಪಾಯವನ್ನು 42 ಇಂಚಾದರೂ ಕೆಳಗಿಳಿಸಬೇಕೆಂದು ನಿಯಮವೇ ಇದೆ. ಅವರು 2021ರಲ್ಲಿ ಕೊಂಡ ಹಳೆಯ ಮನೆಯ ಮುಂದೆ, ರಸ್ತೆಯಿಂದ ಗ್ಯಾರೇಜಿನವರೆಗೆ ಕಾಂಕ್ರೀಟಿನ ಹಾದಿ. ಅದಕ್ಕೆ ಡ್ರೈವ್‌ವೇ ಎನ್ನುತ್ತಾರೆ. ಪುಣೆಯ ಫ್ಲ್ಯಾಟಿನಲ್ಲಿ ಬೆಳೆದ ನಿಮಗೆ ಅದು ಇಷ್ಟು ದೊಡ್ಡ ವಿಷಯವೇ ಎನ್ನಿಸಬಹುದು. ಆದರೆ ಆ ಹಾದಿಯ ಮೇಲ್ಪದರವೆಲ್ಲ ಎದ್ದುಹೋಗಿ ಜಲ್ಲಿ ಕಾಣುತ್ತಿತ್ತು. ಅಡಿಯ ಮಣ್ಣು ಕುಸಿದು, ಇಳಿಜಾರು ರಸ್ತೆಯ ಕಡೆಗಿರುವ ಬದಲು ಮನೆಯ ಕಡೆಗೇ ತಿರುಗಿತ್ತು. ಹಗಲು ಕರಗಿದ ನೀರು ಗ್ಯಾರೇಜಿನ ಬಾಗಿಲಲ್ಲಿ ನಿಂತು ರಾತ್ರಿ ಗಾಜಾಗುತ್ತಿತ್ತು. 2022ರ ಫೆಬ್ರವರಿಯಲ್ಲಿ ಅಳಿಯಂದಿರು ಅಲ್ಲಿಯೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆ ಸುದ್ದಿ ಕೇಳಿದ ದಿನದಿಂದ ನನಗೆ ಆ ಹಾದಿಯೇ ಕನಸಿನಲ್ಲಿ ಬರತೊಡಗಿತು. ಮಗಳಿಗೆ ನವೆಂಬರಿನಲ್ಲಿ ಹೆರಿಗೆ ಎಂದು ಗೊತ್ತಾದ ಮೇಲಂತೂ ಕೇಳುವುದೇ ಬೇಡ.

ಸೆಪ್ಟೆಂಬರಿನಲ್ಲಿ ನಾನು ಹೋಗಿ ಇಳಿದೆ. ನಮ್ಮವರು ಪುಣೆಯಲ್ಲೇ ಉಳಿದರು. ಹಿಮ ಬೀಳುವ ಮೊದಲು ಹಾದಿಯನ್ನು ಹೊಸದಾಗಿ ಹಾಕಿಸಬೇಕೆಂದು ಅಳಿಯಂದಿರು ಮೂರು ಕಡೆ ದರ ಕೇಳಿದ್ದರು. ಅಗ್ಗವಾಗಿ ಹೇಳಿದವನನ್ನು ಬಿಟ್ಟು ಒಬ್ಬ ವಯಸ್ಸಾದ ಮೇಸ್ತ್ರಿಗೆ ಕೆಲಸ ಒಪ್ಪಿಸಿದರು. ಒಂಬತ್ತು ಸಾವಿರ ಡಾಲರು, ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಏಳೂವರೆ ಲಕ್ಷ ರೂಪಾಯಿ! ನಾನು ಬಾಯಿ ಮುಚ್ಚಿಕೊಂಡಿದ್ದೆ.

ಅಕ್ಟೋಬರ್ ಮೊದಲ ವಾರ ಕೆಲಸ ಶುರುವಾಯಿತು. ನಮ್ಮ ಜೆಸಿಬಿಯ ಮರಿಯಂಥ ಯಂತ್ರವೊಂದು ಹಳೆಯ ಕಾಂಕ್ರೀಟನ್ನು ಚಕ್ಕುಲಿ ಮುರಿದಂತೆ ಮುರಿದು ಲಾರಿಗೆ ತುಂಬಿತು. ಕೆಳಗಿನ ಜೇಡಿಮಣ್ಣನ್ನು ತೆಗೆದು ಆರು ಇಂಚು ಜಲ್ಲಿ ಹರಡಿ ದಮ್ಮಸು ಮಾಡಿದರು. ಜಲ್ಲಿಯಾದರೆ ನೀರು ಇಳಿದುಹೋಗುತ್ತದೆ, ಮಣ್ಣಾದರೆ ನೀರು ಹಿಡಿದು, ಹೆಪ್ಪುಗಟ್ಟಿ, ಮೇಲಿನ ಹಾಸನ್ನೇ ಎತ್ತುತ್ತದಂತೆ. ಅಡಿಗೆ ಕಾಲು ಇಂಚಿನಂತೆ ರಸ್ತೆಯ ಕಡೆಗೆ ಇಳಿಜಾರು. ನಲವತ್ತು ಅಡಿಗೆ ಹತ್ತು ಇಂಚು. ಕಬ್ಬಿಣದ ಸರಳು ಹೆಣೆದು ಐದು ಇಂಚು ದಪ್ಪ ಹಾಕುವುದೆಂದು ಗೊತ್ತಾಯಿತು.

ರೆಡಿಮಿಕ್ಸ್ ಲಾರಿ ಬಂದ ಬೆಳಿಗ್ಗೆ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಡ್ರೈವರು ಗಟ್ಟಿಯಾಗಿದೆ, ಸ್ವಲ್ಪ ನೀರು ಸೇರಿಸಲೇ ಎಂದು ಕೇಳಿದರೆ ಮೇಸ್ತ್ರಿ ಖಡಾಖಂಡಿತ ಬೇಡವೆಂದರು. ಎಳೆಯುವುದಕ್ಕೆ ಸುಲಭವಾಗಲೆಂದು ನೀರು ಬೆರೆಸಿದರೆ ಕಾಂಕ್ರೀಟಿನ ಬಲ ಅಷ್ಟಕ್ಕಷ್ಟೆ ಆಗುತ್ತದಂತೆ. ಆಮೇಲೆ ಹಾಸಿ ಮಟ್ಟ ಮಾಡಿ, ಇದ್ದಕ್ಕಿದ್ದಂತೆ ಬಕೆಟ್ಟು ಬೋರಲು ಹಾಕಿ ಕುಳಿತುಬಿಟ್ಟರು. ಮುಕ್ಕಾಲು ಗಂಟೆ! ಗಂಟೆಯ ಲೆಕ್ಕದಲ್ಲಿ ಡಾಲರು ಎಣಿಸುವ ದೇಶದಲ್ಲಿ ಇದೇನು ಸೋಮಾರಿತನ ಎಂದುಕೊಂಡೆ. ಮೇಲೆ ಉಕ್ಕಿಬಂದ ನೀರು ಆರುವ ಮೊದಲು ಕರಣೆ ಆಡಿಸಿದರೆ ಆ ನೀರು ಮೇಲ್ಪದರದಲ್ಲೇ ಸಿಕ್ಕಿಕೊಂಡು ಮುಂದೆ ಹಪ್ಪಳದಂತೆ ಏಳುತ್ತದೆ ಎಂದು ಅಳಿಯಂದಿರು ವಿವರಿಸಿದರು. ನಂತರ ಅಗಲವಾದ ಪೊರಕೆಯಿಂದ ಗೆರೆ ಎಳೆದರು, ಕಾಲು ಜಾರದಿರಲೆಂದು. ಮರುದಿನ ಹತ್ತತ್ತು ಅಡಿಗೆ ಒಂದೂಕಾಲು ಇಂಚು ಆಳದ ಸೀಳು ಹೊಡೆದರು. ಕಾಂಕ್ರೀಟು ಹೇಗೂ ಬಿರಿಯುತ್ತದೆ, ನಾವು ಹೇಳಿದ ಜಾಗದಲ್ಲಿ ಬಿರಿಯಲಿ ಎಂಬ ಉಪಾಯ.

ಇನ್ನೊಂದು ಸಂಗತಿ ಕೇಳಿ. ನೀರು ಹೆಪ್ಪುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಅದಕ್ಕೆ ಜಾಗವಿಲ್ಲದಿದ್ದರೆ ಕಾಂಕ್ರೀಟನ್ನೇ ಸೀಳುತ್ತದೆ. ಹಾಗಾಗಿ ಚಳಿಯ ಊರಿನ ಕಾಂಕ್ರೀಟಿನಲ್ಲಿ ಶೇಕಡಾ 6ರಷ್ಟು ಗಾಳಿಯ ಸೂಕ್ಷ್ಮ ಗುಳ್ಳೆಗಳನ್ನು ಬೇಕೆಂದೇ ಸೇರಿಸುತ್ತಾರೆ. ಇದು ತಿಳಿದದ್ದು ಆಕಸ್ಮಿಕವಾಗಿ. 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಕೆಲವು ರಸ್ತೆಗಳು ಮಾತ್ರ ಚಳಿಗೆ ಹಾಳಾಗದೆ ಉಳಿದವು. ಹುಡುಕಿ ನೋಡಿದರೆ ಅಲ್ಲಿಯ ಸಿಮೆಂಟನ್ನು ಅರೆಯುವಾಗ ದನದ ಕೊಬ್ಬು ಬೆರೆಸಿದ್ದರಂತೆ, ಅದರಿಂದ ಗುಳ್ಳೆ ಎದ್ದಿದ್ದವಂತೆ. ಈಗ ಪೈನ್ ಮರದ ರಾಳ, ಸೋಪಿನಂಥ ರಾಸಾಯನಿಕಗಳು ಬಂದಿವೆ ಎಂದ ಮೇಲೆಯೇ ನನಗೆ ಆ ಹಾದಿಯಲ್ಲಿ ಹೊಸ್ತಿಲ ರಂಗೋಲಿ ಹಾಕಲು ಮನಸ್ಸು ಬಂದದ್ದು!

ಹಾಸನದಲ್ಲಿ ನಮ್ಮ ತಂದೆ ಮನೆ ಕಟ್ಟಿಸಿದಾಗ ಮೋಲ್ಡಿನ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸುತ್ತಿದ್ದುದು ನನಗೆ ನೆನಪು. ಇಲ್ಲಿ ಏನೋ ದ್ರವ ಸಿಂಪಡಿಸಿ, ರಾತ್ರಿಯ ಚಳಿಗೆ ದಪ್ಪ ಕಂಬಳಿ ಹೊದಿಸಿದರು. "ನೋಡಮ್ಮಾ, ನನಗಿಂತ ಮೊದಲು ಅದಕ್ಕೇ ಬಾಣಂತನ" ಎಂದಳು ಮಗಳು. ಪಥ್ಯವೂ ಇತ್ತು. ಮೇಸ್ತ್ರಿ ಒಂದು ಹಾಳೆ ಕೊಟ್ಟಿದ್ದರು. ಏಳು ದಿನ ಕಾರು ನಿಲ್ಲಿಸಬೇಡಿ. ಈ ಮೊದಲ ಚಳಿಗಾಲ ಮಂಜು ಕರಗಿಸಲು ಉಪ್ಪು ಹಾಕಲೇಬೇಡಿ, ಮರಳು ಹಾಕಿ. ಆ ಹಾಳೆಯನ್ನು ಓದಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವಳು ನಾನೇ.

ನವೆಂಬರಿನಲ್ಲಿ ಮೊಮ್ಮಗಳು ಹುಟ್ಟಿದಳು. ಆ ಚಳಿಗಾಲ ಆ ಊರಿನಲ್ಲಿ ಒಟ್ಟು 90 ಇಂಚು ಹಿಮ ಬಿತ್ತು. ದಾಖಲೆಯಲ್ಲಿ ಅದಕ್ಕೆ ಮೂರನೆಯ ಸ್ಥಾನವಂತೆ. ಮಗುವನ್ನು ಡಾಕ್ಟರ ಬಳಿ ಕರೆದೊಯ್ಯಬೇಕಾದ ದಿನಗಳಲ್ಲಿ ನನಗೆ ಹಿಂದಿನ ರಾತ್ರಿ ನಿದ್ದೆ ಇರುತ್ತಿರಲಿಲ್ಲ. ಅಳಿಯಂದಿರು ಮರಳು ಹಾಕುತ್ತಿದ್ದರು. ಮರಳು ಹಿಮವನ್ನು ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ ಅಷ್ಟೆ. ನನ್ನ ಕಣ್ಣಿಗೆ ಅದು ಸಾಲದು. ಗ್ಯಾರೇಜಿನ ಮೂಲೆಯಲ್ಲಿ ಹಿಂದಿನ ವರ್ಷದ ಉಪ್ಪಿನ ಚೀಲ ಅರ್ಧ ಉಳಿದಿತ್ತು. ಒಂದು ಮುಂಜಾನೆ, ಎಲ್ಲರೂ ಏಳುವ ಮೊದಲು, ಎರಡು ಸ್ವೆಟರು, ಮೇಲೊಂದು ಕೋಟು, ಮಂಕಿ ಕ್ಯಾಪು ಧರಿಸಿ ಹೊರಗೆ ಬಂದೆ. ಬಾಗಿಲಿನಿಂದ ಕಾರು ನಿಲ್ಲುವ ಜಾಗದವರೆಗೆ, ರಂಗೋಲಿ ಪುಡಿ ಉದುರಿಸಿ ರೂಢಿಯಾದ ಕೈಯಿಂದ ಉಪ್ಪು ಉದುರಿಸಿದೆ. ಗಂಟೆಯೊಳಗೆ ಹಾದಿ ಒದ್ದೆಯಾಗಿ ಕಪ್ಪಗೆ ಕಂಡಿತು. ಆಮೇಲೆ ಅದು ನಿತ್ಯವ್ರತವಾಯಿತು. "ಹೊಸ ಕಾಂಕ್ರೀಟು ಎಷ್ಟು ಬೇಗ ಹಿಮ ಬಿಡುತ್ತದೆ ನೋಡಿ ಅತ್ತೆ" ಎಂದು ಅಳಿಯಂದಿರು ಹೊಗಳುವಾಗ ನಾನು ತಲೆಯಾಡಿಸುತ್ತಿದ್ದೆ. ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತೆಂದು ಈಗ ಒಪ್ಪಿಕೊಳ್ಳಬೇಕು.

ಫೆಬ್ರವರಿಯಲ್ಲಿ ಪುಣೆಗೆ ಮರಳಿದೆ. ಏಪ್ರಿಲಿನಲ್ಲಿ ಹಿಮವೆಲ್ಲ ಕರಗಿದ ಮೇಲೆ ಮಗಳು ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು. ಹಾದಿಯೆಲ್ಲ ನುಣುಪಾಗಿದೆ, ಬಾಗಿಲಿನಿಂದ ಕಾರಿನವರೆಗೆ ಮಾತ್ರ ಮೇಲ್ಪದರ ಸುಲಿದು ಜಲ್ಲಿ ಇಣುಕುತ್ತಿದೆ. ನನ್ನ ಕೈ ಓಡಾಡಿದ ದಾರಿ ಅದು. ನನಗಲ್ಲದೆ ಇನ್ನಾರಿಗೆ ಗುರುತು ಸಿಗಬೇಕು? ಉಪ್ಪು ಬಿದ್ದ ಕಡೆ ಹಿಮ ಹಗಲು ಕರಗುವುದು, ರಾತ್ರಿ ಮತ್ತೆ ಹೆಪ್ಪುಗಟ್ಟುವುದು ಹೆಚ್ಚಾಗುತ್ತದೆ, ಉಪ್ಪುನೀರು ಕಾಂಕ್ರೀಟನ್ನು ಒಣಗಲೂ ಬಿಡುವುದಿಲ್ಲ. ಎರಡೇ ತಿಂಗಳ ಎಳೆಯ ಕಾಂಕ್ರೀಟು, ಗುಳ್ಳೆಗಳಿದ್ದರೂ ಅದೆಷ್ಟು ತಡೆದೀತು?

ಅಳಿಯಂದಿರು ಮೇಸ್ತ್ರಿಯನ್ನು ಕರೆಸಿದರು. ಆತ ಕುಕ್ಕರುಗಾಲಲ್ಲಿ ಕುಳಿತು ಬೆರಳಿಂದ ಉಜ್ಜಿ ನೋಡಿ ಕೇಳಿದ್ದು ಒಂದೇ ಮಾತು: "ಉಪ್ಪು ಹಾಕಿದಿರಾ?" ಒಂದು ಕಾಳೂ ಹಾಕಿಲ್ಲವೆಂದು ಅಳಿಯಂದಿರು ಆಣೆ ಮಾಡಿ ಹೇಳಿದರು. ಮಾತು ಬೆಳೆಯಿತು. ಮೇಸ್ತ್ರಿ ಹೊರಟುಹೋದರು. ಸಣ್ಣ ವ್ಯಾಜ್ಯಗಳ ಕೋರ್ಟಿಗೆ ಅರ್ಜಿ ಹಾಕುತ್ತೇನೆ, ಕೆಲಸ ಕೆಡಿಸಿದ್ದಾನೆಂದು ನಾಲ್ಕು ಜನಕ್ಕೆ ಹೇಳುತ್ತೇನೆ ಎಂದು ಅಳಿಯಂದಿರು ವಿಡಿಯೋದಲ್ಲಿ ಕೂಗಾಡುತ್ತಿದ್ದರೆ ನಾನು ಮೊಮ್ಮಗಳಿಗೆ ಚಪ್ಪಾಳೆ ತಟ್ಟುತ್ತ ಕುಳಿತಿದ್ದೆ.

ಒಂಬತ್ತು ದಿನ ಹಾಗೆಯೇ ಕಳೆದೆ. ಅಳಿಯನ ಮುಂದೆ ಸಣ್ಣವಳಾಗುವುದು ಎಂದರೆ ಏನೆಂದು ನಿಮ್ಮ ಅಮ್ಮಂದಿರನ್ನು ಕೇಳಿ, ಹೇಳುತ್ತಾರೆ. ಬರುವ ತಿಂಗಳು ಹೇಳಿದರಾಯಿತು, ಎದುರಿಗೆ ಹೋದಾಗ ಹೇಳಿದರಾಯಿತು ಎಂದು ನೂರು ನೆಪ. ಬೋರಲು ಬಕೆಟ್ಟಿನ ಮೇಲೆ ಸುಮ್ಮನೆ ಕುಳಿತಿದ್ದ ಆ ಮುದುಕ ಮಾತ್ರ ಕಣ್ಣ ಮುಂದಿನಿಂದ ಹೋಗಲೊಲ್ಲ. ಕೊನೆಗೆ ನಮ್ಮವರಿಗೆ ಹೇಳಿದೆ. ಅವರು ಪೇಪರು ಮಡಿಸಿಟ್ಟು, "ನೀನು ಹೇಳುತ್ತೀಯೋ, ನಾನು ಹೇಳಲೋ?" ಎಂದರು.

ನಾನೇ ಹೇಳಿದೆ. ಅಳಿಯಂದಿರು ಬಹಳ ಹೊತ್ತು ಸುಮ್ಮನಿದ್ದರು. ನಂತರ, "ಹಾದಿ ಹಾಳಾದದ್ದು ಬಿಡಿ ಅತ್ತೆ. ಅವರ ಮುಖಕ್ಕೆ ಆಣೆ ಇಟ್ಟು ಹೇಳಿದೆನಲ್ಲ ನಾನು" ಎಂದು ಫೋನಿಟ್ಟರು. ಅದೇ ಸಂಜೆ ಮೇಸ್ತ್ರಿಯ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರಂತೆ. ನನ್ನೊಡನೆ ಮೊದಲಿನಂತೆ ಮಾತನಾಡಲು ತಿಂಗಳು ಹಿಡಿಯಿತು.

ಆ ಬೇಸಿಗೆಯಲ್ಲಿ ಮೇಸ್ತ್ರಿಯೇ ಬಂದು, ಹಾಸು ಗಟ್ಟಿಯಿದೆ, ಮೇಲ್ಪದರ ಮಾತ್ರ ಹೋಗಿದೆ, ಒಡೆಯುವುದು ಬೇಡವೆಂದು ಹೇಳಿ, ನೀರು ಹೀರದಂತೆ ಒಂದು ಲೇಪ ಬಳಿದು ಹೋದರು. ಸಾಮಾನಿನ ಹಣವಷ್ಟೇ ತೆಗೆದುಕೊಂಡರಂತೆ. ಸುಲಿದ ಗುರುತು ಹಾಗೆಯೇ ಇದೆ.

2024ರ ನವೆಂಬರಿನಲ್ಲಿ ಮತ್ತೆ ಹೋದೆ. ಗ್ಯಾರೇಜಿನಲ್ಲಿ ಉಪ್ಪಿನ ಚೀಲವಿರಲಿಲ್ಲ. ಮುಚ್ಚಳವಿದ್ದ ಒಂದು ಬಕೆಟ್ಟಿನ ಮೇಲೆ ಮಗಳು ಕಾಗದ ಅಂಟಿಸಿದ್ದಳು. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಅತ್ತುಕೊಂಡು ಹೋಗುತ್ತಿದ್ದವಳು ಅವಳು. ಓರೆಕೋರೆ ಅಕ್ಷರದಲ್ಲಿ ಬರೆದಿದ್ದಳು: "ಅಮ್ಮ, ಇದು ಮರಲು. ಇದನ್ನೇ ಹಾಕು." 'ಳ' ಇರಬೇಕಾದಲ್ಲಿ 'ಲ' ಬರೆದಿದ್ದಾಳೆ. ಪೆನ್ನು ಕೈಯಲ್ಲೇ ಇತ್ತು, ತಿದ್ದಲಿಲ್ಲ.