ಹೆದರಿಕೆಯೂ ಹೊಣೆಯೂ

ದುಡಿದು ಬದುಕುವ ಮನುಷ್ಯನನ್ನು ಕಾಡುವ ಭಯಗಳು ಹಲವು. ನೌಕರಿ ಹೋದೀತೆಂಬ ಭಯ, ದೂರದೂರಿಗೆ ವರ್ಗವಾದೀತೆಂಬ ಭಯ, ಮೇಲಧಿಕಾರಿಯ ಅವಕೃಪೆಗೆ ಪಾತ್ರನಾದೇನೆಂಬ ಭಯ. ಇವುಗಳನ್ನು ಜನರು ಒಬ್ಬರೊಡನೊಬ್ಬರು ಹೇಳಿಕೊಳ್ಳುವುದುಂಟು. ಆದರೆ ಯಾರೂ ಬಾಯಿಬಿಟ್ಟು ಹೇಳಿಕೊಳ್ಳದ ಭಯ ಇನ್ನೊಂದಿದೆ. ಕೆಲಸದಲ್ಲಿ ಏನಾದರೂ ಕೆಟ್ಟರೆ ಅದರ ಅಪವಾದ ತನ್ನ ತಲೆಯ ಮೇಲೆ ಬಂದೀತೆಂಬುದೇ ಆ ಭಯ. ತಪ್ಪು ಮಾಡಿದವನಿಗೆ ಮಾತ್ರ ಈ ಅಳುಕು ಇರುತ್ತದೆಂದು ತಿಳಿಯಬಾರದು. ಉದಾಸೀನನಾದವನು ಸುಖವಾಗಿ ನಿದ್ರಿಸುತ್ತಾನೆ. ಶ್ರದ್ಧೆಯಿಂದ ದುಡಿಯುವವನೇ ಇದರಿಂದ ಹೆಚ್ಚು ನೋಯುತ್ತಾನೆ.

ಈ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಹಿರಿಯರಿಂದ ಅಪ್ಪಣೆಯಾದಾಗ ನಾನು ಈ ವಿಷಯವನ್ನೇ ಆರಿಸಿಕೊಂಡೆನು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಇಂದು ಕಚೇರಿ, ಕಾರ್ಖಾನೆ, ಆಸ್ಪತ್ರೆ, ಬ್ಯಾಂಕುಗಳಲ್ಲಿ ಹರಡಿಕೊಂಡಿದ್ದಾರೆ. ಅವರಲ್ಲಿ ಈ ಭಯವನ್ನು ಕಾಣದವರು ವಿರಳವೆಂದು ನನ್ನ ನಂಬಿಕೆ. ನಾನು ಕಂಡದ್ದು ರೇಷ್ಮೆಹುಳುವಿನ ಮೊಟ್ಟೆಗಳನ್ನು ಸಿದ್ಧಪಡಿಸುವ ಒಂದು ಬಿತ್ತನೆ ಕೋಠಿಯಲ್ಲಿ.

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸುತ್ತಮುತ್ತ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ ತುಂಬಿದರೆ ಉಂಟು, ಇಲ್ಲವಾದರೆ ಇಲ್ಲ. ಅಂಥ ನೆಲದಲ್ಲಿ ರಾಗಿ, ಕಡಲೆಕಾಯಿಗಳ ಜೊತೆಗೆ ಒಂದಿಷ್ಟು ಹಿಪ್ಪುನೇರಳೆ ಬೆಳೆದು, ಮನೆಯಲ್ಲಿ ಹುಳು ಸಾಕಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದು ಕೈಗೆ ನಾಲ್ಕು ಕಾಸು ಕಾಣುವ ಸಂಸಾರಗಳು ಅನೇಕ. ರೈತನು ‘ನೂರು ಮೊಟ್ಟೆ’ ತಂದೆನೆಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳ ಗುಂಪೆಂದು ಅರ್ಥ. ಒಂದು ಗುಂಪಿನಲ್ಲಿ ಸುಮಾರು 400ರಿಂದ 500 ಮೊಟ್ಟೆಗಳಿರುತ್ತವೆ. ನೂರು ಗುಂಪಿಗೆ ನಲವತ್ತು ಐವತ್ತು ಸಾವಿರ ಹುಳುಗಳಾದವು. ಪೊರೆ ಬಿಡುವ ಸ್ಥಿತಿಗೆ ನಮ್ಮ ರೈತರು ಇಟ್ಟಿರುವ ಹೆಸರು ‘ಜ್ವರ’. ಚಾಕಿಯಿಂದ ಹಿಡಿದು ನಾಲ್ಕು ಜ್ವರಗಳನ್ನು ದಾಟಿ ಹುಳು ಹಣ್ಣಾಗುವುದಕ್ಕೆ ಸುಮಾರು 25 ದಿನ ಬೇಕು. ಅದು ತಿನ್ನುವ ಸೊಪ್ಪಿನ ಬಹುಪಾಲು ಕೊನೆಯ ಹಂತದಲ್ಲಿಯೇ ವೆಚ್ಚವಾಗುತ್ತದೆ. ಆದುದರಿಂದ ನಾಲ್ಕನೆಯ ಜ್ವರ ಎದ್ದ ಮೇಲೆ ಬೆಳೆ ಕೆಟ್ಟರೆ ಸೊಪ್ಪು, ಕೂಲಿ, ಸಾಲದ ಹಣ ಎಲ್ಲವೂ ಆ ವೇಳೆಗೆ ತೀರಿಹೋಗಿರುತ್ತವೆ.

ರೇಷ್ಮೆಹುಳುವಿಗೆ ಬರುವ ರೋಗಗಳಲ್ಲಿ ಗಂಟು ರೋಗವು ತಾಯಿಚಿಟ್ಟೆಯಿಂದಲೇ ಮೊಟ್ಟೆಗೆ ಇಳಿಯುವಂಥದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ರೇಷ್ಮೆ ಕಸುಬನ್ನು ಈ ರೋಗ ನೆಲಕಚ್ಚಿಸಿತ್ತು. ಲೂಯಿ ಪಾಶ್ಚರ್ ಅವರು 1865ರಲ್ಲಿ ಇದರ ಶೋಧನೆಗೆ ತೊಡಗಿ, 1870ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮೊಟ್ಟೆಯಿಟ್ಟ ಮೇಲೆ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡುವುದು ಎಂಬ ಸರಳ ಕ್ರಮವನ್ನು ಅವರು ತೋರಿಸಿಕೊಟ್ಟರು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಆ ಕ್ರಮದ ಮುಂದುವರಿಕೆಯೇ. ಆ ಸೂಕ್ಷ್ಮದರ್ಶಕದ ಮುಂದೆ ನನ್ನ ಸೇವಾವಧಿಯ ಬಹುಭಾಗ ಕಳೆಯಿತು. ಕಣ್ಣು ತುಸು ಸೋತರೂ ಅದರ ಫಲ ಯಾರದೋ ಮನೆಯಲ್ಲಿ, ಎಷ್ಟೋ ದಿನಗಳ ತರುವಾಯ ಕಾಣಿಸುತ್ತದೆ ಎಂಬ ಅರಿವು ಆ ಪೀಠದ ಮೇಲೆ ಕುಳಿತವರನ್ನು ಬಿಡುವುದಿಲ್ಲ.

ಒಂದು ಬೇಸಿಗೆಯಲ್ಲಿ ಕೆಂಚಾರ್ಲಹಳ್ಳಿ ಕಡೆಯ ಕೆಲವು ಮನೆಗಳಲ್ಲಿ ನಾಲ್ಕನೆಯ ಜ್ವರದ ಮೇಲೆ ಬೆಳೆ ಹೋಯಿತು. ಮೊಟ್ಟೆ ನಮ್ಮಿಂದ ಹೋದದ್ದು. ಸುದ್ದಿ ಮುಟ್ಟಿದ ಗಳಿಗೆಯಲ್ಲಿ ಕೋಠಿಯಲ್ಲಿ ಹೊರಟ ಮೊದಲ ಪ್ರಶ್ನೆ ‘ಹುಳುಗಳಿಗೆ ಏನಾಯಿತು’ ಎಂದಲ್ಲ. ‘ಆ ತಂಡವನ್ನು ಪರೀಕ್ಷಿಸಿದವರು ಯಾರು’ ಎಂದು. ದಾಖಲೆ ಪುಸ್ತಕದಲ್ಲಿ ನನ್ನ ರುಜುವಿತ್ತು. ಸರಿಯಾಗಿ ನೋಡಿದ್ದೇನೆಂದು ಗೊತ್ತಿದ್ದರೂ ಆ ರಾತ್ರಿ ನಿದ್ರೆ ಬರಲಿಲ್ಲ. ನೋಡಿದ್ದು ನಿಜವೇ, ಕೊನೆಯ ತಟ್ಟೆಯ ಹೊತ್ತಿಗೆ ಕತ್ತಲಾಗಿರಲಿಲ್ಲವೇ ಎಂದು ಮನಸ್ಸು ತನ್ನನ್ನೇ ಪಾಟೀಸವಾಲಿಗೆ ನಿಲ್ಲಿಸಿತು. ಮರುದಿನ ಒಬ್ಬ ಸಹೋದ್ಯೋಗಿಗಳು ಕರುಣೆಯಿಂದಲೇ ಹತ್ತಿರ ಬಂದು, ‘ಏನನ್ನೂ ಬರೆದು ಕೊಡಬೇಡಿ, ಏನನ್ನೂ ಹೇಳಬೇಡಿ’ ಎಂದು ಬುದ್ಧಿ ಹೇಳಿದರು. ಲಿಖಿತ ಆದೇಶ ಬರುವವರೆಗೆ ಆ ಊರಿಗೆ ಯಾರೂ ಹೋಗಕೂಡದೆಂದು ಮೇಲಿನವರು ತೀರ್ಮಾನಿಸಿದರು. ಹೋದರೆ ತಪ್ಪನ್ನು ಒಪ್ಪಿಕೊಂಡಂತಾದೀತು ಎಂಬುದು ಕಾರಣ. ಹೀಗೆ ಮೂರು ದಿನಗಳು ಕಳೆದವು.

ನಾಲ್ಕನೆಯ ದಿನ ಹಿರಿಯ ಅಧಿಕಾರಿಯೊಬ್ಬರ ಜೊತೆಯಲ್ಲಿ ಹೋಗಿ ನೋಡಿದೆವು. ಹುಳುಗಳ ಚರ್ಮ ಉಬ್ಬಿ ಹೊಳೆಯುತ್ತಿತ್ತು. ಅವು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಅಲೆಯುತ್ತಿದ್ದವು. ಮುಟ್ಟಿದರೆ ಒಡೆದು ಹಾಲಿನಂಥ ರಸ ಸುರಿಯುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಂಟು ರೋಗದ ಕಣ ಒಂದೂ ಇರಲಿಲ್ಲ. ಅದು ಹಾಲು ರೋಗ. ಹಿಂದಿನ ಬೆಳೆಯ ಸೋಂಕು ಮನೆಯಲ್ಲಿ ಉಳಿದು, ಬೇಸಿಗೆಯ ಸೆಕೆಯಲ್ಲಿ ಕೆರಳಿತ್ತು. ಮೊಟ್ಟೆಗೆ ಅದರ ಸಂಬಂಧವಿರಲಿಲ್ಲ. ನನಗೆ ಹೋದ ಉಸಿರು ಬಂದಂತಾಯಿತು. ಆದರೆ ಎದುರಿಗೆ ಖಾಲಿ ಚಂದ್ರಂಕಿಯ ಪಕ್ಕದಲ್ಲಿ ನಿಂತಿದ್ದ ಮನೆಯ ಯಜಮಾನರಿಗೆ ಆ ಸಮಾಧಾನದಲ್ಲಿ ಪಾಲಿರಲಿಲ್ಲ. ‘ಮೊಟ್ಟೆಯಲ್ಲಿ ದೋಷವಿಲ್ಲ’ ಎಂದು ನಮ್ಮ ಅಧಿಕಾರಿಗಳು ಎರಡು ಸಲ ಹೇಳಿದ ಮೇಲೆ ಅವರು ಮೆಲ್ಲಗೆ ಅಂದರು: “ಸಾಮಿ, ಯಾರ ತಪ್ಪು ಅನ್ನೋದು ನೀವು ನೀವೇ ನೋಡ್ಕಳಿ. ಏನು ತಪ್ಪಾಯ್ತು ಅಂತ ನಮಗೆ ಹೇಳಿ. ಇನ್ನೊಂದು ಬೆಳೆ ಇಕ್ಕಬೇಕಲ್ಲ.”

ಸತ್ತ ಹುಳುಗಳನ್ನು ತಿಪ್ಪೆಗೆ ಎಸೆಯದೆ ಸುಡಬೇಕೆಂದು, ಬ್ಲೀಚಿಂಗ್ ಪುಡಿಯ ದ್ರಾವಣದಿಂದ ಮನೆ, ತಟ್ಟೆ, ಚಂದ್ರಂಕಿಗಳನ್ನು ತೊಳೆಯಬೇಕೆಂದು ಆಗ ಹೇಳಿದೆವು. ಆದರೆ ಪಕ್ಕದ ಎರಡು ಮನೆಗಳಿಗೆ ರೋಗ ತಗುಲಿದ್ದು ಆ ಮೂರು ದಿನಗಳ ಅಂತರದಲ್ಲಿಯೇ. ಮೊದಲ ದಿನವೇ ಯಾರಾದರೂ ಹೋಗಿ ಹೇಳಿದ್ದರೆ ಆ ಎರಡು ಮನೆಗಳು ಪ್ರಾಯಶಃ ಉಳಿಯುತ್ತಿದ್ದವು. ಅಪವಾದದ ಭಯವು ನಿದ್ರೆಗೆಡಿಸುವುದಷ್ಟೇ ಅದರ ಕೇಡಲ್ಲವೆಂದು ನನಗೆ ಮನವರಿಕೆಯಾದದ್ದು ಅಂದು. ‘ಯಾರು’ ಎಂಬ ಪ್ರಶ್ನೆ ಮುಂದೆ ನಿಂತರೆ ಎಲ್ಲರೂ ಬಾಯಿ ಮುಚ್ಚುತ್ತಾರೆ. ‘ಏನು’ ಎಂಬ ಪ್ರಶ್ನೆಗೆ ಉತ್ತರ ಬಲ್ಲವರೂ ಆ ಮೌನದಲ್ಲಿ ಸೇರಿಬಿಡುತ್ತಾರೆ.

ಇದೇ ಮಾತಿಗೆ ದೊಡ್ಡದೊಂದು ನಿದರ್ಶನ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಬಾಹ್ಯಾಕಾಶ ಸಂಸ್ಥೆಯು 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್.ಎಲ್.ವಿ.-3 ಎಂಬ ಉಡಾವಣಾ ವಾಹನವನ್ನು ಮೊದಲ ಸಲ ಹಾರಿಸಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೆಟ್ಟು ಅದು ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ, ಸಂಸ್ಥೆಯ ಅಧ್ಯಕ್ಷರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್. ಅಂದು ಪತ್ರಕರ್ತರ ಮುಂದೆ ಧವನ್ ಅವರೇ ಕುಳಿತು ಸೋಲಿನ ಹೊಣೆಯನ್ನು ತಾವು ಹೊತ್ತರು. 1980ರ ಜುಲೈ 18ರಂದು ಅದೇ ಬಗೆಯ ವಾಹನವು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಕರ್ತರೊಡನೆ ಮಾತನಾಡಲು ಕಲಾಂ ಅವರನ್ನು ಕಳುಹಿಸಿದರು. ಈ ಸಂಗತಿಯನ್ನು ಕಲಾಂ ಅವರು ತಮ್ಮ ಜೀವಮಾನದಲ್ಲಿ ಹಲವು ಸಲ ಕೃತಜ್ಞತೆಯಿಂದ ನೆನೆದಿದ್ದಾರೆ.

ಈ ಕಥೆಯನ್ನು ನಾವು ಔದಾರ್ಯದ ಕಥೆಯೆಂದು ಹೇಳಿ ಮುಗಿಸುತ್ತೇವೆ. ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅಧ್ಯಕ್ಷರು ತಪ್ಪನ್ನು ಮುಚ್ಚಲಿಲ್ಲ. ಹೊರಗಿನ ಅಪವಾದಕ್ಕೆ ತಾವು ಎದೆಯೊಡ್ಡಿದ್ದರಿಂದ ಒಳಗಿನವರು ನಿರ್ಭಯವಾಗಿ ಕುಳಿತು, ಕವಾಟದ ದೋಷದಿಂದ ಆಮ್ಲ ಸೋರಿದ್ದನ್ನು ಕಂಡುಹಿಡಿಯಲು ಸಾಧ್ಯವಾಯಿತು. ಒಂದು ವರ್ಷದೊಳಗೆ ವಾಹನವು ಮೇಲೇರಿತು.

ಹೊರದೇಶದ ಉದಾಹರಣೆಯೊಂದನ್ನೂ ಹೇಳಬಹುದು. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಸಮೀಪದಲ್ಲಿ, ಇಳಿಯಲು ಬರುತ್ತಿದ್ದ ವಿಮಾನವೊಂದು ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 92 ಮಂದಿಯೂ ಮಡಿದರು. ಕೆಲವು ವಾರಗಳ ಹಿಂದೆ ಬೇರೊಂದು ಸಂಸ್ಥೆಯ ವಿಮಾನ ಅದೇ ಬೆಟ್ಟದಿಂದ, ಅದೇ ಬಗೆಯ ತಿಳುವಳಿಕೆಯ ದೋಷದಿಂದ ಪ್ರಯಾಸದಿಂದ ಪಾರಾಗಿತ್ತು. ಆ ಎಚ್ಚರಿಕೆ ಇತರರಿಗೆ ಮುಟ್ಟಿರಲಿಲ್ಲ. ಇದರ ತರುವಾಯ 1976ರಲ್ಲಿ ಒಂದು ಏರ್ಪಾಡಾಯಿತು. ಚಾಲಕರು ತಮ್ಮ ತಪ್ಪನ್ನು ಹತ್ತು ದಿನಗಳೊಳಗೆ ತಾವಾಗಿ ಬರೆದು ತಿಳಿಸಿದರೆ ಅವರ ಹೆಸರನ್ನು ಗುಟ್ಟಾಗಿಡುವುದು, ನಿಯಮಭಂಗಕ್ಕೆ ದಂಡನೆ ವಿಧಿಸದಿರುವುದು. ಅಪರಾಧಗಳಿಗೂ ಅಪಘಾತಗಳಿಗೂ ಈ ರಿಯಾಯಿತಿಯಿಲ್ಲ. ದಂಡನೆ ವಿಧಿಸುವ ಇಲಾಖೆಗೆ ಬದಲಾಗಿ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ಆ ವರದಿಗಳನ್ನು ಸ್ವೀಕರಿಸುತ್ತದೆ. ಹೇಳುವವನಿಗೆ ನಂಬಿಕೆ ಬರಲೆಂದೇ ಈ ವ್ಯವಸ್ಥೆ.

ಹಾಗಾದರೆ ಯಾರನ್ನೂ ಹೊಣೆ ಮಾಡಬಾರದೇ ಎಂದು ವಾಚಕರು ಕೇಳಬಹುದು. ಹಾಗಲ್ಲ. ನೋಡದೆಯೇ ನೋಡಿದೆನೆಂದು ರುಜು ಹಾಕಿದವನನ್ನು ಕ್ಷಮಿಸಿದರೆ ರೈತನಿಗೆ ದ್ರೋಹ ಬಗೆದಂತೆ. ನೋಡಿಯೂ ಕಾಣದೆ ಹೋದವನ ವಿಷಯ ಬೇರೆ. ಇವರಿಬ್ಬರನ್ನು ಬೇರ್ಪಡಿಸುವುದು ತೆರೆದಿಟ್ಟ ದಾಖಲೆಯೊಂದೇ. ಬಿಜ್ಜಳನ ಭಂಡಾರವನ್ನು ಹಾಳುಮಾಡಿದರೆಂದು ಬಸವಣ್ಣನವರ ಮೇಲೆ ಆಪಾದನೆ ಬಂದಾಗ ಭಂಡಾರವನ್ನೇ ತೆರೆಸಿ ಲೆಕ್ಕ ನೋಡಲಾಯಿತೆಂದೂ, ಕಾಸೂ ಕಡಮೆಯಿರಲಿಲ್ಲವೆಂದೂ ಪುರಾಣಕಾವ್ಯಗಳು ಹೇಳುತ್ತವೆ. ಅದರಲ್ಲಿನ ಪವಾಡದ ಅಂಶವನ್ನು ಬದಿಗಿರಿಸಿದರೂ, ಆಪಾದನೆಗೆ ಉತ್ತರ ಲೆಕ್ಕದ ಪುಸ್ತಕವೇ ಹೊರತು ಮೌನವಲ್ಲ ಎಂಬ ಪಾಠ ಉಳಿಯುತ್ತದೆ. ಆ ಬೇಸಿಗೆಯಲ್ಲಿ ನನಗೆ ಮೊದಲು ಭಾರವಾಗಿ ಕಂಡದ್ದು ನನ್ನ ರುಜುವೇ. ಕೊನೆಗೆ ಆಸರೆಯಾದದ್ದೂ ಅದೇ.

ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ವಿನಂತಿ. ಕಚೇರಿಯಲ್ಲಿ ನಾವು ಕಾಣುವ ಈ ಮೌನ ಕಚೇರಿಯಲ್ಲಿ ಹುಟ್ಟಿದ್ದಲ್ಲ. ತಪ್ಪಿದ ಲೆಕ್ಕವನ್ನು ಮೇಷ್ಟರು ನೋಡುವ ಮೊದಲೇ ಒರೆಸಿಬಿಡುವ ಮಗು, ಪ್ರಯೋಗಶಾಲೆಯಲ್ಲಿ ಒಡೆದ ಗಾಜಿನ ನಳಿಗೆಯನ್ನು ಬೀರುವಿನ ಹಿಂದೆ ಸರಿಸುವ ಹುಡುಗ, ಇವರೇ ಮುಂದೆ ‘ಏನನ್ನೂ ಬರೆದು ಕೊಡಬೇಡಿ’ ಎನ್ನುವ ಸಹೋದ್ಯೋಗಿಗಳಾಗುತ್ತಾರೆ. ಒಡೆದದ್ದನ್ನು ತಾನಾಗಿ ಬಂದು ಹೇಳಿದ ಹುಡುಗನಿಗೆ ಶಾಲೆಯಲ್ಲಿ ಏನಾಗುತ್ತದೆ ಎಂಬುದನ್ನು ಉಳಿದ ನಲವತ್ತು ಮಂದಿ ಕಣ್ಣಿಟ್ಟು ನೋಡುತ್ತಿರುತ್ತಾರೆ. ದಾನಿಗಳು ಕೊಟ್ಟ ಹಣದಲ್ಲಿ ಇನ್ನೊಂದು ನಳಿಗೆಯನ್ನು ಕೊಳ್ಳಬಹುದು; ಅದಕ್ಕೆ ಅವರು ಬೇಸರಪಡಲಾರರು. ತಪ್ಪಿದ ಲೆಕ್ಕವನ್ನು ಒರೆಸದೆ ತಂದು ತೋರಿಸುವ ಧೈರ್ಯವನ್ನು ಮಕ್ಕಳಿಗೆ ಕಲಿಸಿದರೆ, ಅವರು ಎಲ್ಲಿಯೇ ದುಡಿಯಲಿ, ಅವರ ದುಡಿಮೆಯನ್ನು ನಂಬಿ ಮನೆಯಲ್ಲಿ ಹುಳು ಮೇಯಿಸುವ ಯಜಮಾನರಿಗೆ ಉತ್ತರ ಮೂರು ದಿನ ಮೊದಲೇ ಸಿಕ್ಕೀತು.