ಪಾಪರ್ ಚೀಟಿಯೂ ಪಾಸ್‌ಬುಕ್ಕೂ

‘ಪಾಪರ್ ಚೀಟಿ’ ಎಂಬ ಮಾತನ್ನು ನಾವೆಲ್ಲ ನಗೆಯ ಮಾತಾಗಿಯೇ ಬಳಸುತ್ತ ಬೆಳೆದವರು. ತಿಂಗಳ ಕೊನೆಯ ವಾರದಲ್ಲಿ ಸಕ್ಕರೆಯ ಡಬ್ಬಿ ಬರಿದಾದರೆ, “ಇನ್ನು ನಾನು ಪಾಪರ್ ಚೀಟಿ ತೆಗೆದುಕೊಳ್ಳುವುದೊಂದೇ ಬಾಕಿ” ಎಂದು ಮನೆಯ ಯಜಮಾನರು ಹೇಳುವುದು, ಮನೆಯಾಕೆ ಸೆರಗಿನ ಮರೆಯಲ್ಲಿ ನಗುವುದು, ಯಾವ ಮನೆಯಲ್ಲಿ ಇಲ್ಲ? ಆದರೆ ಆ ಚೀಟಿ ನಿಜವಾಗಿಯೂ ನಮ್ಮ ಹೊಸ್ತಿಲನ್ನು ತುಳಿಯಲು ಬಂದ ದಿನ ನಗಲು ಯಾರಿಗೂ ಬಾಯಿ ಬರಲಿಲ್ಲ.

ನನ್ನ ಸೋದರಮಾವ ಯಾದಗಿರಿಯ ಗಂಜಿನಲ್ಲಿ ಅಡತಿ ಅಂಗಡಿ ಇಟ್ಟಿದ್ದವರು. ಸುತ್ತಣ ಹಳ್ಳಿಗಳ ರೈತರು ತಂದ ತೊಗರಿಯನ್ನೂ ಶೇಂಗಾವನ್ನೂ ಮಾರಿಸಿಕೊಟ್ಟು, ಬಂದ ದಲಾಲಿಯಿಂದ ಮಾನವಾಗಿ ಬದುಕಿದ್ದರು. 2015ರಲ್ಲಿ ತೊಗರಿಬೇಳೆಯ ಬೆಲೆ ಕಿಲೋಗೆ 200 ರೂಪಾಯಿಯನ್ನು ಮುಟ್ಟಿದುದು ಗೃಹಿಣಿಯರಿಗೆ ನೆನಪಿರಬಹುದು. ಆ ಏರಿಕೆಯೇ ಮಾವನ ತಲೆ ಕೆಡಿಸಿತು. ಸಾಲ ಮಾಡಿ ಚೀಲಗಳನ್ನು ಪೇರಿಸಿಟ್ಟರು. ಮರುವರ್ಷ ಮಳೆ ಚೆನ್ನಾಗಿ ಆಯಿತು. ದೇಶದ ಎಲ್ಲ ಕಡೆಯೂ ತೊಗರಿ ಸುರಿಯಿತು. ನಡುವೆ 2016ರ ನವೆಂಬರ್ 8ರಂದು ನೋಟುಗಳು ರದ್ದಾಗಿ ಪೇಟೆಯ ಕೈ ಕಟ್ಟಿಹೋಯಿತು. ಸರ್ಕಾರವು ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಯನ್ನು ಕಟ್ಟಿದ್ದರೂ ಪೇಟೆ ಅದರ ಕೆಳಗೇ ಕುಸಿಯಿತು.

2017ರ ಬೇಸಿಗೆಯ ಹೊತ್ತಿಗೆ ಮಾವನ ತಲೆಯ ಮೇಲೆ 41 ಲಕ್ಷದ ಸಾಲ. ಕೈಯಲ್ಲಿ ಉಳಿದುದು ಸುರಪುರದ ಹಿರಿಯರ ಮನೆಯಲ್ಲಿ ಒಂದು ಪಾಲು, ಮತ್ತು ಮಾವ-ಅತ್ತೆ ಇಬ್ಬರ ಹೆಸರಿನಲ್ಲೂ ಇದ್ದ ಉಳಿತಾಯ ಖಾತೆಯಲ್ಲಿ 1,86,400 ರೂಪಾಯಿ. ಆ ಪಾಸ್‌ಬುಕ್ಕಿನ ರಟ್ಟಿನ ಮೇಲೆ ಇನ್ನೂ ‘ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್’ ಎಂದೇ ಇದ್ದಿತು. ನಿಜಾಮರ ಕಾಲದಲ್ಲಿ, 1941ರಲ್ಲಿ ಹುಟ್ಟಿದ ಆ ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಗಿತ್ತು. “ನೋಡು, ಬ್ಯಾಂಕಿನ ಹೆಸರೇ ಹೋಯ್ತು, ಇನ್ನ ನಂದೇನು” ಎಂದು ಮಾವ ಅಂದರು. ಆ ಬೇಸಿಗೆಯಲ್ಲಿ ಅವರು ಆಡಿದ ವಿನೋದದ ಮಾತು ಅದೊಂದೇ.

ಸುರಪುರದ ಮನೆಯಲ್ಲಿ ಒಂದು ರಾತ್ರಿ ಎಲ್ಲರೂ ಸೇರಿದೆವು. ಸಾಲ ತೀರಿಸುವ ಮಾತು ಮುಗಿದಿತ್ತು. ದಿವಾಳಿಯ ಅರ್ಜಿ ಹಾಕುವುದೇ ಸರಿ ಎಂದಾಗಿತ್ತು. ಉಳಿದ ಪ್ರಶ್ನೆ ಆ 1,86,400ರದು. ಒಬ್ಬರು, “ಎಲ್ಲವನ್ನೂ ತೆಗೆದು ಅತ್ತೆಯ ಒಬ್ಬಳ ಹೆಸರಿಗೆ ಹಾಕಿ” ಎಂದರು. ಶಹಾಪುರದಿಂದ ಬಂದಿದ್ದ ಮಾವನ ಷಡ್ಡಕರು, ತಾವು ಕೊಟ್ಟಿದ್ದ ಒಂದೂವರೆ ಲಕ್ಷವನ್ನು ಮೊದಲು ತೀರಿಸಿಬಿಡಬೇಕೆಂದು ಮೆಲ್ಲನೆ ಕೇಳಿದರು. ಅವರ ಮಗಳ ಮದುವೆ ಗೊತ್ತಾಗಿದ್ದಿತು. ಮಾವ ನೆಲವನ್ನೇ ನೋಡುತ್ತಿದ್ದರು. ಆಗ ನಾನು, ಹತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದ ಉಪಾಧ್ಯಾಯ, ಬಾಯಿಬಿಟ್ಟೆ: “ನನ್ನ ಖಾತೆಗೆ ಹಾಕಿರಿ ಮಾವ. ನನ್ನನ್ನು ಯಾರು ಕೇಳುತ್ತಾರೆ?”

ಮರುದಿನ ಯಾದಗಿರಿಯ ವಕೀಲರೊಬ್ಬರ ಮುಂದೆ ಕುಳಿತೆವು. ನೆರೆಯ ತೆಲಂಗಾಣದಲ್ಲಿ ಜನ ‘ಐ.ಪಿ. ಇಟ್ಟ’ ಎಂದು ಹೇಳುವ ಕ್ರಿಯೆಯೇ ಇದು; ಅದಕ್ಕೆ ಆಧಾರ 1920ರ ಪ್ರಾಂತೀಯ ದಿವಾಳಿ ಕಾಯ್ದೆ. 2016ರಲ್ಲಿ ಹೊಸ ಸಂಹಿತೆ ಬಂದಿತಾದರೂ, ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಂದು ಜಾರಿಯಾದುದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಮಾವನಂಥ ಸಾಮಾನ್ಯರ ಪಾಲಿಗೆ ಹಳೆಯ ಕಾಯ್ದೆಯೇ ಉಳಿದಿದೆ.

ವಕೀಲರು ಕೇಳಿದ ಮೊದಲ ಪ್ರಶ್ನೆ: “ಈ ಖಾತೆ ಇರುವ ಬ್ಯಾಂಕಿಗೇ ಸಾಲವೂ ಇದೆಯೇ?” ಇರಲಿಲ್ಲ, ಸಾಲ ಬೇರೆ ಬ್ಯಾಂಕಿನದು. ಒಂದೇ ಬ್ಯಾಂಕಾಗಿದ್ದರೆ, ಗಡುವು ಮೀರಿದ ಸಾಲಕ್ಕೆ ಆ ಹಣವನ್ನು ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದಂತೆ. ಬಳಿಕ ನಾನು ನನ್ನ ಜಾಣತನದ ಸಲಹೆಯನ್ನು ಮುಂದಿಟ್ಟೆ. ಅವರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು.

“ಮಾಸ್ತರರೇ, ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಪ್ರತಿಫಲವಿಲ್ಲದೆ ಯಾರಿಗೆ ದಾಟಿಸಿದ್ದರೂ ನ್ಯಾಯಾಲಯ ಅದನ್ನು ರದ್ದುಮಾಡಬಲ್ಲುದು. ಮೂರು ತಿಂಗಳೊಳಗೆ ಒಬ್ಬ ಸಾಲಗಾರನನ್ನು ಮಾತ್ರ ಮುಂದು ಮಾಡಿ ತೀರಿಸಿದ್ದರೆ ಅದೂ ಹಿಂದಕ್ಕೆ ಬರುತ್ತದೆ. ಮದುವೆಯ ಮನೆಯಿಂದ ಹಣ ವಾಪಸು ತರುವುದು ನಿಮಗೆ ಬೇಕೇ? ಮೋಸದಿಂದ ಬಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆಮನೆ. ಪಾಸ್‌ಬುಕ್ಕಿಗೆ ಬಾಯಿ ಇದೆ; ತಾರೀಖಿನ ಸಮೇತ ಸಾಕ್ಷಿ ಹೇಳುತ್ತದೆ.”

“ಹಾಗಾದರೆ ಊಟಕ್ಕೂ ಮುಟ್ಟಬಾರದೇ?” ಎಂದು ಅತ್ತೆ ಕೇಳಿದರು.

“ಅಗತ್ಯವಾಗಿ ಮುಟ್ಟಬೇಕು ತಾಯಿ. ದಿನಸಿ, ಔಷಧ, ಬಾಡಿಗೆ, ನನ್ನ ಫೀಸು, ಎಲ್ಲಕ್ಕೂ ತೆಗೆಯಿರಿ. ತೆಗೆದುದಕ್ಕೆಲ್ಲ ಚೀಟಿ ಇಡಿರಿ. ಉಟ್ಟ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ನಿಮ್ಮ ಮಾಂಗಲ್ಯ, ಇವನ್ನು ಕಾನೂನು ಮುಟ್ಟುವುದಿಲ್ಲ. ಆದರೆ ನಗದಿಗೆ ಆ ರಿಯಾಯಿತಿ ಇಲ್ಲ. ಅರ್ಜಿಯಲ್ಲಿ ಎಲ್ಲ ಖಾತೆಗಳನ್ನೂ ಬರೆಯಬೇಕು, ನೂರು ರೂಪಾಯಿಯದಾದರೂ ಸರಿ. ದಿವಾಳಿ ಎಂದು ತೀರ್ಪಾದಾಗ, ಅರ್ಜಿ ಕೊಟ್ಟ ದಿನದಿಂದಲೇ ಆ ಹಣ ನಿಮ್ಮದಲ್ಲವೆಂದು ಲೆಕ್ಕ.”

ಆ ಖಾತೆಯಲ್ಲಿ 40,000 ಅತ್ತೆಯ ತವರಿನ ಹೊಲದ ಪಾಲಿನದು. ಜಂಟಿ ಖಾತೆಯಾದ ಮಾತ್ರಕ್ಕೆ ಎಲ್ಲವೂ ಗಂಡನದಾಗುವುದಿಲ್ಲ, ಎಲ್ಲವೂ ಹೆಂಡತಿಯದೂ ಆಗುವುದಿಲ್ಲ. ಯಾರ ಹಣವೆಂಬುದಕ್ಕೆ ಆಧಾರ ತೋರಿಸಬೇಕೆಂದರು. ಅತ್ತೆ ಟ್ರಂಕಿನ ತಳದಿಂದ ಆ ಹೊಲದ ಕ್ರಯಪತ್ರದ ನಕಲನ್ನು ಹುಡುಕಿ ತಂದರು.

ಸಾಲಗಾರರ ಪಟ್ಟಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಬ್ಯಾಂಕು, ಸಗಟು ವ್ಯಾಪಾರಿಗಳು, ಷಡ್ಡಕರು. ಅಷ್ಟರವರೆಗೆ ಕೈ ಸರಾಗವಾಗಿ ಓಡಿತು. ಆಮೇಲೆ ಮಾವ ಕೀರ್ದಿಯನ್ನು ಬಿಚ್ಚಿ ರೈತರ ಹೆಸರುಗಳನ್ನು ಹೇಳತೊಡಗಿದರು. ಹದಿನಾಲ್ಕು ಜನ. ಮಾಲನ್ನು ಇಳಿಸಿ, “ದುಡ್ಡು ಇರಲಿ ಸಾವಕಾರ, ಬಿತ್ತಿಗಿ ಹೊತ್ತಿಗಿ ಒಯ್ತೀನಿ” ಎಂದು ನಂಬಿ ಹೋದವರು. ಒಬ್ಬನದು 23,000, ಇನ್ನೊಬ್ಬನದು 9,600. ನನ್ನ ಲೇಖನಿ ಅಲ್ಲಿ ನಿಂತಿತು. ಹಿಂದಿನ ರಾತ್ರಿ ನಾನು ನನ್ನ ಖಾತೆಯೊಳಗೆ ಬಚ್ಚಿಡಹೊರಟಿದ್ದುದು ಮಾವನ ಹಣವನ್ನಲ್ಲ. ಈ ಹದಿನಾಲ್ಕು ಜನರ ಬೀಜದ ಹಣವನ್ನು. ಕಾನೂನಿನ ಭಯಕ್ಕಿಂತ ಆ ಪಟ್ಟಿಯೇ ನನಗೆ ಹೆಚ್ಚಿನದನ್ನು ಕಲಿಸಿತು.

ಷಡ್ಡಕರಿಗೆ ಮುಖತಃ ತಿಳಿಸಬೇಕೆಂದು ಮಾವ ಹಟ ಹಿಡಿದರು. ಭೀಮೆಯ ಸೇತುವೆಯನ್ನು ದಾಟಿ ಬಸ್ಸು ಶಹಾಪುರವನ್ನು ಸಮೀಪಿಸಿದಾಗ, ಮಲಗಿದ ಬುದ್ಧನಂತೆ ತೋರುವ ಆ ಬೆಟ್ಟ ಕಾಣಿಸಿತು. ಅಷ್ಟು ನಿಶ್ಚಿಂತೆಯಿಂದ ಮಲಗಿದವನನ್ನು ಕಂಡು ನನಗೆ ಅಸೂಯೆಯಾಯಿತು. ಷಡ್ಡಕರು ಚಹ ಕೊಟ್ಟರು, ಮಾತು ಕೊಡಲಿಲ್ಲ. ಮದುವೆಯ ಕರೆಯೋಲೆಯೂ ನಮಗೆ ಬರಲಿಲ್ಲ.

ಅರ್ಜಿ ಸಲ್ಲಿಸುವವರೆಗಿನ ಐದು ವಾರಗಳಲ್ಲಿ ಮನೆಗೂ ಔಷಧಕ್ಕೂ 14,300, ವಕೀಲರಿಗೆ 15,000 ಖರ್ಚಾಯಿತು. ಅತ್ತೆಯ 40,000 ಅವರಿಗೆ ಉಳಿಯಿತು. ಮಿಕ್ಕ 1,17,100 ರೂಪಾಯಿ ನ್ಯಾಯಾಲಯದ ರಿಸೀವರರ ಕೈಗೆ ಹೋಯಿತು. ಸುರಪುರದ ಪಾಲೂ ಹೋಯಿತು. ಎಲ್ಲ ಸೇರಿದರೂ ರೈತರಿಗೆ ರೂಪಾಯಿಗೆ ನಾಲ್ಕಾಣೆಯೂ ದಕ್ಕಲಿಲ್ಲ. ಷಡ್ಡಕರಿಗೂ ಅದೇ ದರ. ನ್ಯಾಯವಾಗಿ ನಡೆದುಕೊಂಡರೆ ಎಲ್ಲವೂ ಸರಿಹೋಗುತ್ತದೆಂದು ನಾನು ಈಗ ಮಕ್ಕಳಿಗೆ ಹೇಳುವುದಿಲ್ಲ.

2021ರಲ್ಲಿ ಮಾವನಿಗೆ ಬಿಡುಗಡೆಯ ಆಜ್ಞೆ ದೊರೆಯಿತು. ಈಗ ಅದೇ ಗಂಜಿನಲ್ಲಿ ಇನ್ನೊಬ್ಬರ ಅಂಗಡಿಯ ಲೆಕ್ಕ ಬರೆಯುತ್ತಾರೆ. ಆ ಹದಿನಾಲ್ಕು ಜನರಲ್ಲಿ ಕೆಲವರು ಎದುರಾದಾಗ ಮಾತನಾಡಿಸುತ್ತಾರೆ. ಕೆಲವರು ಮುಖ ತಿರುಗಿಸಿ ಹೋಗುತ್ತಾರೆ. ಹಾಗೆ ಹೋಗುವ ಹಕ್ಕು ಅವರಿಗಿದೆಯೆಂದು ಮಾವನೇ ಹೇಳುತ್ತಾರೆ. ಆದರೆ “ಮುಳುಗಿದ” ಎಂದವರುಂಟು, “ಮುಳುಗಿಸಿದ” ಎಂದವರೂ ಉಂಟು. “ಬಚ್ಚಿಟ್ಟ” ಎಂದವರನ್ನು ನಾನು ಇದುವರೆಗೆ ಕೇಳಿಲ್ಲ. ಆ ಮಾತನ್ನು ಕೇಳಿದ್ದರೆ ತಲೆ ತಗ್ಗಿಸಬೇಕಾಗಿದ್ದವನು ಮಾವನಲ್ಲ, ನಾನು.