ಉಂಗುರಗಳು ದುಂಡಗಾಗುವ ಹೊತ್ತು

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಕೂತವರಿಗೆಲ್ಲ ಪರಮಾಣುಗಳನ್ನು ಕಾಣುವ ಆತುರ. ನನಗೆ ಅದಕ್ಕೂ ಮೊದಲಿನ ಕೆಲಸದ ಮೇಲೆಯೇ ಹೆಚ್ಚು ಪ್ರೀತಿ: ಮಸೂರದ ದೋಷ ತಿದ್ದುವುದು.

ಮೊದಲು ತೆಳ್ಳನೆಯ ಇಂಗಾಲದ ಪೊರೆಯೊಂದನ್ನು ಒಳಗಿಟ್ಟು ಎಲೆಕ್ಟ್ರಾನ್ ಕಿರಣವನ್ನು ದಿಕ್ಕು ದಿಕ್ಕಿಗೆ ತುಸುವೇ ವಾಲಿಸುತ್ತಾ ಹೋಗಬೇಕು. ಪ್ರತಿ ಸಲವೂ ಒಂದು ಚಿತ್ರ. ಕಂಪ್ಯೂಟರ್ ಅವುಗಳನ್ನು ಅಲೆಗಳಾಗಿ ಬಿಡಿಸಿ, ಅಂದರೆ ಫೂರಿಯೇ ರೂಪಗಳನ್ನು ತೆಗೆದು, ನಡುವೆ ಒಂದು, ಸುತ್ತ ಉಳಿದವು ಎಂಬಂತೆ ಪರದೆಯ ಮೇಲೆ ಜೋಡಿಸುತ್ತದೆ. ಒಂದೊಂದರಲ್ಲೂ ಕಪ್ಪು ಬಿಳುಪಿನ ಉಂಗುರಗಳು. ಮಸೂರದ ಅಂಚಿನ ಕಿರಣಗಳು ನಡುವಿನವುಗಳ ಜೊತೆ ಒಂದೇ ಬಿಂದುವಿನಲ್ಲಿ ಕೂಡದ ಗೋಳೀಯ ದೋಷವಿದ್ದರೆ ಸುತ್ತಲಿನವೆಲ್ಲ ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿರುತ್ತವೆ. ಕೋಮಾ ಎಂಬ ಇನ್ನೊಂದು ದೋಷವಿದ್ದರೆ ಎಡದ್ದು ಬಲದ್ದಕ್ಕೆ ಹೊಂದುವುದಿಲ್ಲ. ತಿದ್ದುತ್ತಾ ಬಂದಂತೆ ಅವು ಒಂದೊಂದಾಗಿ ದುಂಡಗಾಗಿ ಕೊನೆಗೆ ಎಲ್ಲವೂ ಒಂದೇ ತರಹ ಕಾಣುತ್ತವೆ. ಇಡೀ ದಿನ ಕೂತು ನೋಡಿದರೂ ನನಗೆ ಬೇಸರವಾಗದು.

ಗಾಜಿನ ಮಸೂರದವರಿಗೆ ಈ ಪಾಡಿಲ್ಲ. ಉಬ್ಬು ಮಸೂರದ ದೋಷವನ್ನು ತಗ್ಗು ಮಸೂರ ನುಂಗಿಬಿಡುತ್ತದೆ. ಆದರೆ ಎಲೆಕ್ಟ್ರಾನುಗಳನ್ನು ಬಾಗಿಸುವ ದುಂಡಗಿನ ಕಾಂತ ಮಸೂರವನ್ನು ಹೇಗೆ ಕಟ್ಟಿದರೂ ಅದರ ಗೋಳೀಯ ದೋಷ ಸೊನ್ನೆಯಾಗದು ಎಂದು ಜರ್ಮನಿಯ ಆಟೋ ಶೆರ್ಜರ್ 1936ರಲ್ಲೇ ಗಣಿತದಿಂದ ತೋರಿಸಿದರು. ಬಾಗಿಲು ಮುಚ್ಚಿದವರೇ 1947ರಲ್ಲಿ ಕಿಟಕಿಗಳನ್ನೂ ತೋರಿಸಿದರು: ದುಂಡಗಿಲ್ಲದ ಮಸೂರ ಬಳಸಿ ನೋಡಿ ಎಂಬುದು ಅವುಗಳಲ್ಲೊಂದು. ಅದನ್ನು ನಿಜ ಮಾಡಲು ಅರ್ಧ ಶತಮಾನ ಹಿಡಿಯಿತು. ಶೆರ್ಜರ್ ಅವರ ಶಿಷ್ಯ ಹರಾಲ್ಡ್ ರೋಸ್ 1990ರಲ್ಲಿ ಕೊಟ್ಟ ವಿನ್ಯಾಸದಲ್ಲಿ ಆರು ಧ್ರುವಗಳ ಎರಡು ಕಾಂತಗಳಿವೆ. ಮೊದಲನೆಯದು ಕಿರಣವನ್ನು ಮುಮ್ಮೂಲೆಯಾಗಿ ಕೆಡಿಸುತ್ತದೆ, ಎರಡನೆಯದು ಆ ಕೆಡುಕನ್ನು ಅಳಿಸುತ್ತದೆ. ಎರಡೂ ಕಳೆದು ಉಳಿಯುವುದು ಋಣ ಚಿಹ್ನೆಯ ಗೋಳೀಯ ದೋಷ. ಮುಖ್ಯ ಮಸೂರದ ಧನ ದೋಷವನ್ನು ಅದು ತೊಡೆದುಹಾಕುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಇಂಥ ಜಾಣತನ ನಾನು ಬೇರೆಲ್ಲೂ ಕಂಡಿಲ್ಲ.

ಹೈಡೆಲ್‌ಬರ್ಗ್‌ನಲ್ಲಿ ಮ್ಯಾಕ್ಸಿಮಿಲಿಯನ್ ಹೈಡರ್ ರೋಸ್ ಅವರ ವಿನ್ಯಾಸವನ್ನು ಕಟ್ಟಿದರು, ಯೂಲಿಕ್‌ನ ಕ್ನುಟ್ ಉರ್ಬನ್ ಜೊತೆಗೂಡಿದರು. 200 ಕಿಲೋವೋಲ್ಟ್ ಯಂತ್ರವೊಂದು ಬಿಡಿಸಿ ತೋರಬಲ್ಲ ಅತಿ ಸಣ್ಣ ಅಂತರ 0.24 ನ್ಯಾನೋಮೀಟರಿನಿಂದ 0.14ಕ್ಕೆ ಇಳಿದ ಸುದ್ದಿ 1998ರಲ್ಲಿ ಪ್ರಕಟವಾಯಿತು. ಸ್ಕ್ಯಾನಿಂಗ್ ಬಗೆಯ ಯಂತ್ರಕ್ಕೆ ಕೇಂಬ್ರಿಜ್‌ನಲ್ಲಿ ಓಂಡ್ರೆ ಕ್ರಿವಾನೆಕ್ ಬೇರೆಯದೇ ದಾರಿ ಹುಡುಕಿದ್ದರು. 2020ರ ಕಾವ್ಲಿ ಪ್ರಶಸ್ತಿ ರೋಸ್, ಹೈಡರ್, ಉರ್ಬನ್, ಕ್ರಿವಾನೆಕ್ ಈ ನಾಲ್ವರಿಗೂ ಸಂದಿತು, ತಕ್ಕವರಿಗೇ ಸಂದಿತು.

ಸುಮಾರು 1 ಮಿಲಿಮೀಟರಿನಷ್ಟಿದ್ದ ಗೋಳೀಯ ದೋಷ ಈಗ ಕೆಲವೇ ಮೈಕ್ರೋಮೀಟರಿಗೆ ಇಳಿಯುತ್ತದೆ. ಉರ್ಬನ್ ಅವರ ತಂಡವಂತೂ ಅದನ್ನು ಬೇಕೆಂದೇ ಋಣ ಬದಿಗೆ ಸ್ವಲ್ಪ ದಾಟಿಸಿ, ಸ್ಟ್ರಾನ್ಷಿಯಂ ಟೈಟನೇಟ್ ಹರಳಿನಲ್ಲಿ ಭಾರದ ಪರಮಾಣುಗಳ ನಡುವೆ ಮರೆಯಾಗಿದ್ದ ಹಗುರ ಆಮ್ಲಜನಕವನ್ನೂ ಬೆಳ್ಳಗೆ ಕಾಣಿಸಿತು. ಆ ಚಿತ್ರವನ್ನು ಎಷ್ಟು ಸಲ ನೋಡಿದರೂ ಮೈ ನವಿರೇಳುತ್ತದೆ.

ತಿದ್ದಿದ್ದು ಹಾಗೇ ನಿಲ್ಲುವುದಿಲ್ಲ. ಕೋಣೆಯ ಬಿಸಿ ಕೊಂಚ ಏರಿದರೂ ಸಾಕು, ಕಾಂತಗಳ ವಿದ್ಯುತ್ ಕೂದಲೆಳೆಯಷ್ಟು ಸರಿದರೂ ಸಾಕು, ಉಂಗುರಗಳು ಮತ್ತೆ ಸೊಟ್ಟಗಾಗುತ್ತವೆ. ಹೆಚ್ಚು ಕೆಲಸ ಈಗ ಕಂಪ್ಯೂಟರೇ ಮಾಡುತ್ತದೆ, ಆದರೆ ಯಾವ ಅಳತೆಯನ್ನು ನಂಬಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಇಂದಿಗೂ ಕೂತವರ ಕಣ್ಣಿಗೇ ಬಿಟ್ಟದ್ದು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥ ಯಂತ್ರವಿದೆ. ವಿಜ್ಞಾನ ಓದುವ ಮಕ್ಕಳೇ, ಎಲ್ಲಾದರೂ ಇದರ ಹತ್ತಿರ ಹೋಗುವ ಅವಕಾಶ ಸಿಕ್ಕರೆ ಪರಮಾಣುಗಳ ಚಿತ್ರವನ್ನಷ್ಟೇ ನೋಡಿ ಬರಬೇಡಿ. ತಿದ್ದುವುದನ್ನೂ ತೋರಿಸಿ ಎಂದು ಕೇಳಿ.